ಹಿಮದ ಧೂಳು ಇಳಿಯುವವರೆಗೆ

ಫೆರ್ನಾಂದ್ ಗೋದ್ರೊ ಎಂಬಾಕೆ ಇಪ್ಪತ್ತೆರಡು ವರ್ಷ ಕೆನಡಾದ ಅಬಿತಿಬಿ ಸೀಮೆಯ ಕಾಡುಗಳಿಂದ ಮರ ಕೊಯ್ಯುವ ಕಾರ್ಖಾನೆಗೆ ದಿಮ್ಮಿ ಲಾರಿ ಓಡಿಸಿದರು. ಅಷ್ಟು ವರ್ಷಗಳಲ್ಲಿ ಯಾರನ್ನೂ ಕೊಲ್ಲಲಿಲ್ಲ. ಅದು ತಮ್ಮ ಹೆಚ್ಚುಗಾರಿಕೆಯಲ್ಲ, ಬರೀ ಅದೃಷ್ಟ ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಊರಿನ ಸ್ನೋಮೊಬೈಲ್ ಕ್ಲಬ್ಬಿನಲ್ಲಿ ಕಾವಲಿಗೆ ಸೇರಿದರು. ಹಿಮಬಂಡಿಗಳ ಜಾಡು ಹೆದ್ದಾರಿಯನ್ನು ದಾಟುವ ಕಡೆ ಕೆಂಪು ಅಂಗಿ ತೊಟ್ಟು ನಿಂತು, ಪ್ರತಿ ಬಂಡಿಯೂ ಪೂರ್ತಿ ನಿಂತು ದಾಟುವಂತೆ ನೋಡಿಕೊಳ್ಳುವುದು ಕೆಲಸ. ಸಂಬಳವಿಲ್ಲ. ಬೈಗುಳ ಧಾರಾಳ.

ಜಾಡಿನ ಪಕ್ಕ 'ನಿಲ್ಲಿ' ಎಂಬ ಫಲಕ ದೊಡ್ಡದಾಗಿಯೇ ಇದೆ. ಹೆಚ್ಚಿನವರು ಅದನ್ನು ಅಲಂಕಾರವೆಂದು ತಿಳಿದಿದ್ದಾರೆ. ವೇಗವನ್ನು ಒಂದಿಷ್ಟು ಇಳಿಸಿ, ಸೀಟಿನಿಂದ ಅರ್ಧ ಎದ್ದು, ಹೆಲ್ಮೆಟ್ಟನ್ನು ಅತ್ತಿತ್ತ ತಿರುಗಿಸಿ ನುಗ್ಗುತ್ತಾರೆ. ಹಿಮ ಗೋರುವ ವಾಹನ ರಸ್ತೆಯ ಎರಡೂ ಬದಿಗೆ ಆಳೆತ್ತರದ ಗೋಡೆ ಒಟ್ಟಿರುತ್ತದೆ. ಅರ್ಧ ಎದ್ದವನಿಗೆ ಕಾಣುವುದು ಆ ಗೋಡೆ ಮಾತ್ರ. ಗುಂಪಿನಲ್ಲಿ ಬಂದರಂತೂ ಮುಗಿಯಿತು. ಮುಂದಾಳು ರಸ್ತೆಯ ನಡುವೆ ನಿಂತು ಕೈ ಬೀಸುತ್ತಾನೆ. ಹಿಂದಿನವರೆಲ್ಲ ಆ ಕೈಯನ್ನು ನಂಬಿ, ಮುಂದಿನ ಬಂಡಿಯ ಕೆಂಪು ದೀಪವನ್ನೇ ನೋಡುತ್ತ ಸಾಲಾಗಿ ಹರಿಯುತ್ತಾರೆ. ಹೀಗೆ ದಾಟುವವರಲ್ಲಿ ವಿಮೆ ಮಾರುವವರಿದ್ದಾರೆ, ಒಬ್ಬ ಹಲ್ಲಿನ ಡಾಕ್ಟರೂ ಇದ್ದಾನೆ.

"ಕುರಿಗಳಿಗಾದ್ರೂ ಕಿವಿ ಕೇಳ್ಸತ್ತೆ," ಎನ್ನುತ್ತಾರೆ ಫೆರ್ನಾಂದ್. "ಇವ್ರು ಅದನ್ನೂ ಹೆಲ್ಮೆಟ್ಟಲ್ಲಿ ಮುಚ್ಕೊಂಡಿರ್ತಾರೆ."

ಈ ಕೈಬೀಸಾಟದ ಪರಮ ಭಕ್ತ ಕ್ಲಬ್ಬಿನ ಅಧ್ಯಕ್ಷ ರೊಡ್ರಿಗ್ ತಾಂಗೆ. ಅದೇ ಹೆದ್ದಾರಿಯ ಪಕ್ಕ ಸೋಫಾ, ಮಂಚ ಮಾರುವವನು. ಫೆಬ್ರವರಿಯ ಒಂದು ಶನಿವಾರ ನೆರೆಯ ಕ್ಲಬ್ಬಿನವರನ್ನು ಸವಾರಿಗೆ ಕರೆದ. ಒಟ್ಟು ನಲವತ್ತು ಬಂಡಿ. ಹಿಂದಿನ ದಿನ ಫೆರ್ನಾಂದ್ ಅವರ ಅಡುಗೆಮನೆಗೆ ಬಂದು, ಅವರದೇ ಬಟಾಣಿ ಸೂಪು ಕುಡಿಯುತ್ತ, ಅಪ್ಪಣೆ ಕೊಟ್ಟ.

"ನಾಳೆ ಒಬ್ಬೊಬ್ರನ್ನೇ ನಿಲ್ಸಿ ನನ್ನ ಮರ್ಯಾದೆ ತೆಗೀಬೇಡ ಫೆರ್ನಾಂದ್. ನಲವತ್ತೂ ಒಂದೇ ಸಲ ದಾಟ್ಬೇಕು. ನೋಡೋಕೆ ಚೆನ್ನಾಗಿರತ್ತೆ."

"ಯಾರು ನೋಡೋದು?"

"ಫೋಟೋದವನು ಬರ್ತಾನೆ. ನೀನು ಲಾರಿಗಳನ್ನ ನಿಲ್ಸು, ಸಾಕು."

"ನೋಡು ಮರಿ, ಬಂಡಿ ನಿಲ್ಸೋ ಅಧಿಕಾರ ನಂಗಿದೆ. ಲಾರಿ ನಿಲ್ಸೋದು ಅದರ ಡ್ರೈವರ್ ಕೈಲೇ ಇಲ್ಲ. ಬ್ರೇಕ್ ಒತ್ತಿದ್ಮೇಲೂ ಇನ್ನೂರು ಮೀಟರ್ ಜಾರ್ಕೊಂಡ್ ಹೋಗತ್ತೆ."

"ಹಂಗಾದ್ರೆ ಆ ಕೆಂಪಂಗಿ ವಾಪಸ್ ಕೊಡ್ಬೇಕಾಗತ್ತೆ."

"ಸೂಪು ಮುಗ್ಸು. ಆರೋಗತ್ತೆ."

ಶನಿವಾರ ಹನ್ನೊಂದಕ್ಕೆ ನಲವತ್ತು ಬಂಡಿಗಳು ಬಂದವು. ಫೆರ್ನಾಂದ್ ತಮ್ಮ ಬಂಡಿಯನ್ನು ಜಾಡಿಗೆ ಅಡ್ಡ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದರು. ರೊಡ್ರಿಗ್ ಇಳಿದು ನಡೆದೇ ಬಂದ. ಅಷ್ಟರಲ್ಲಿ ದಿಮ್ಮಿ ಲಾರಿಯೊಂದು ಗುಡುಗುತ್ತ ಹಾದುಹೋಯಿತು. ಅದರ ಬೆನ್ನಿಗೆ ಎದ್ದ ಹಿಮದ ಧೂಳಿನಲ್ಲಿ ರಸ್ತೆಯೇ ಕಾಣದಾಯಿತು.

"ಹೋಯ್ತಲ್ಲ ಲಾರಿ. ತೆಗಿ ಬಂಡೀನ," ಎಂದ ರೊಡ್ರಿಗ್.

"ಧೂಳು ಇಳೀಲಿ."

"ಇಷ್ಟು ವರ್ಷ ಲಾರಿ ಓಡಿಸ್ದೋಳು ಧೂಳಿಗೆ ಹೆದರ್ತೀಯಾ?"

ಅತಿಥಿಗಳು ನಕ್ಕರು. "ಮೇಡಂ, ಕಾಯೋವರ್ಗೂ ಕಾಫಿ ಏನಾದ್ರೂ ಸಿಗತ್ತಾ?" ಎಂದು ಒಬ್ಬ ಕೇಳಿದ. ಆ ನಗುವಿನ ಬೆಂಬಲದಲ್ಲಿ ರೊಡ್ರಿಗ್ ಅಡ್ಡ ಬಂಡಿಯನ್ನು ಬಳಸಿ ರಸ್ತೆಗಿಳಿದ. ಫೋಟೋದವನ ಕಡೆ ಮುಖ ಮಾಡಿ ಕೈ ಎತ್ತಿದ. ಬಲಗಡೆ ನೋಡಲಿಲ್ಲ, ನೋಡಿದ್ದರೂ ಬಿಳುಪಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಫೆರ್ನಾಂದ್ ಹಿಂದಿನಿಂದ ಅವನ ಕೋಟಿನ ಕಾಲರಿಗೆ ಕೈ ಹಾಕಿ ಹಿಮದ ಗೋಡೆಗೆ ಎಳೆದು ಕೆಡವಿದರು.

ಎರಡನೆಯ ಲಾರಿ ಧೂಳಿನೊಳಗಿಂದ ಹೊರಬಂದು, ಹಾರ್ನ್ ಒತ್ತಿಕೊಂಡೇ, ಅವನು ನಿಂತಿದ್ದ ಜಾಗದ ಮೇಲೆ ಹಾದುಹೋಯಿತು.

ಕಾರ್ಖಾನೆಯ ಲಾರಿಗಳು ಜೋಡಿಯಾಗಿ ಹೊರಡುತ್ತವೆ. ಒಂದು ಕೆಟ್ಟರೆ ಇನ್ನೊಂದು ಆಸರೆ. ಆ ರಸ್ತೆಯ ಪಕ್ಕ ಹದಿನೆಂಟು ವರ್ಷ ಅಂಗಡಿ ಇಟ್ಟವನಿಗೆ ಅದು ಗೊತ್ತಿರಲಿಲ್ಲ.

ಯಾರೂ ನಗಲಿಲ್ಲ. ಧೂಳು ಇಳಿದ ಮೇಲೆ ನಲವತ್ತು ಬಂಡಿಗಳೂ ಒಂದೊಂದಾಗಿ ನಿಂತು, ನೋಡಿ, ದಾಟಿದವು. ಹಿಡಿದದ್ದು ಹದಿನೈದು ನಿಮಿಷ.

ಸಂಜೆ ರೊಡ್ರಿಗ್ ಕೆಂಪು ಅಂಗಿ ಕೇಳಲು ಬಂದ. ಅತಿಥಿಗಳೆದುರು ಅಧ್ಯಕ್ಷನ ಮೇಲೆ ಕೈ ಮಾಡಿದ್ದು ಕಾರಣ. ಕೋಟಿನ ಕಾಲರು ಕಿತ್ತುಹೋಗಿದ್ದನ್ನು ಸಾಕ್ಷಿಯಾಗಿ ತೋರಿಸಿದ.

"ಆ ಕೋಟಿನೊಳಗೆ ನೀನಿನ್ನೂ ಇದೀಯಲ್ಲ, ಅದು ಸಾಕ್ಷಿ ಅನ್ಸಲ್ವಾ?" ಎಂದರು ಫೆರ್ನಾಂದ್. ಅಂಗಿಯನ್ನು ಮಡಿಸಿ ಕೊಟ್ಟರು.

ಅಲ್ಲಿ ಈಗ ಕಾವಲಿಲ್ಲ. ಕಳೆದ ಭಾನುವಾರ ನಾನೇ ಒಂದು ಗಂಟೆ ನಿಂತು ನೋಡಿದಾಗ ಅರವತ್ತೊಂದು ಬಂಡಿಗಳು ದಾಟಿದವು. ನಿಂತದ್ದು ಒಂಬತ್ತು. ರೊಡ್ರಿಗ್ ನಿಲ್ಲದವರಲ್ಲಿದ್ದ.

ಫೆರ್ನಾಂದ್ ದಿನಸಿ ತರಲು ಅದೇ ದಾರಿಯಲ್ಲಿ ಕಾರು ಓಡಿಸುತ್ತಾರೆ. ಜಾಡು ಹತ್ತಿರವಾಗುತ್ತಿದ್ದಂತೆ, ರಸ್ತೆ ಖಾಲಿ ಕಂಡರೂ, ನಡೆಯುವ ವೇಗಕ್ಕೆ ಇಳಿಸುತ್ತಾರೆ.

"ಅವ್ರು ನಿಲ್ಲಲ್ಲ," ಎನ್ನುತ್ತಾರೆ. "ಯಾರಾದ್ರೂ ನಿಲ್ಬೇಕಲ್ಲ."