ಎಲ್ಲರ ಬಕ್ಕಪ್ಪ

ಸೊಸೆಯಾದವಳು ಮಾವನ ಹೆಸರು ಬಾಯಿಬಿಟ್ಟು ಹೇಳುವಂತಿಲ್ಲ. ಪಾರ್ವತಿಬಾಯಿ ಬಸವಕಲ್ಯಾಣಕ್ಕೆ ಮದುವೆಯಾಗಿ ಬಂದಾಗಿನಿಂದ ಹೇಳಲಿಲ್ಲ, ಮಾವ ತೀರಿಕೊಂಡ ಮೇಲೂ ಹೇಳಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೆ ಪಕ್ಕದಲ್ಲಿದ್ದವರ ಕಡೆ ಕೈ ತೋರಿಸುತ್ತಿದ್ದಳು. ಅಂಥವಳ ಅಂಗಡಿಯಲ್ಲಿ ೨೦೦೬ನೇ ಇಸವಿಯಿಂದ ದಿನಾ ಹುಡುಗರು ಕೂತು "ಬಕ್ಕಪ್ಪ ಸತ್ತ", "ಬಕ್ಕಪ್ಪ ಕುದುರಿ ಕದ್ದ", "ಬಕ್ಕಪ್ಪ ಹೊಳ್ಯಾಗ ಬಿದ್ದ" ಎಂದು ಬೊಬ್ಬೆ ಹೊಡೆಯತೊಡಗಿದರೆ ಆಕೆಗೆ ಹೇಗಾಗಿರಬೇಡ.

ಇದು ಸ್ವಲ್ಪ ಹಿಂದಿನಿಂದ ಹೇಳಬೇಕಾದ ಮಾತು. ಕೋಟೆಗೆ ಹೋಗುವ ದಾರಿಯಲ್ಲಿ ಆಕೆಯ ಮಾವ ಬಕ್ಕಪ್ಪನವರದು ಕಿರಾಣಿ ಅಂಗಡಿ. ಅದರ ಮಗ್ಗುಲಿಗೆ ಖಾಲಿ ಚೀಲ ಒಟ್ಟುವ ಒಂದು ಇಕ್ಕಟ್ಟಾದ ಖೋಲಿ. ೧೯೯೬ರಲ್ಲಿ ಅವರ ಮಗ, ಅಂದರೆ ಪಾರ್ವತಿಬಾಯಿಯ ಗಂಡ ಗುರುನಾಥ, ಹೈದರಾಬಾದಿನಿಂದ ಒಂದು ಟಿ.ವಿ.ಯನ್ನೂ ಕ್ಯಾಸೆಟ್ ಹಾಕಿ ಆಡುವ ವಿಡಿಯೊ ಗೇಮನ್ನೂ ತಂದು ಆ ಖೋಲಿಯಲ್ಲಿಟ್ಟ. ಹುಡುಗರು ಮುಗಿಬಿದ್ದರು. ಆದರೆ ಚಡ್ಡಿ ಹಾಕಿದ ಹುಡುಗರ ನಡುವೆ ದೊಡ್ಡ ಮನುಷ್ಯ ಕೂರುವುದು ಹೇಗೆ? "ಅದು ಚಿಲ್ಲರ್ ಕೆಲಸ, ಪಾರ್ವತಿ ನೋಡ್ಕೊಳ್ಳಲಿ" ಅಂದರು ಮಾವ. ಪ್ರೀತಿಯಿಂದ ಕೊಟ್ಟದ್ದಲ್ಲ ಅದು. ಬೇಡವಾದದ್ದನ್ನು ತಳ್ಳಿಬಿಡುತ್ತಾರಲ್ಲ, ಹಾಗೆ ಕೊಟ್ಟದ್ದು.

ಆ ಮನೆಯ ರಿವಾಜೇ ಹಾಗಿತ್ತು. ಗಂಡಸರು ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಗೊತ್ತುಮಾಡುತ್ತಿದ್ದರು. ಹೊಲಕ್ಕೆ ಏನು ಬಿತ್ತಬೇಕು, ಯಾರ ಮನೆಗೆ ಮುಯ್ಯಿ ಎಷ್ಟು, ಎಲ್ಲವೂ ಅಲ್ಲೇ. ಮಗಳು ಐಶ್ವರ್ಯಳ ಲಗ್ನವೂ ಅಲ್ಲೇ ಗೊತ್ತಾಯಿತು. ಒಳಗೆ ಭಜಿ ಕರಿಯುತ್ತಿದ್ದ ಪಾರ್ವತಿಬಾಯಿಗೆ ಚಹಾದ ತಾಟು ಹಿಡಿದು ಹೊರಗೆ ಬಂದಾಗ ತನ್ನ ಬೀಗರು ಯಾರೆಂದು ತಿಳಿಯಿತು. ಅವತ್ತು ಮಾತ್ರ ಆಕೆ ಬಾಗಿಲ ಬಳಿ ನಿಂತು, "ನನ್ನೂ ಒಂದು ಮಾತು ಕೇಳಬೇಕಿತ್ತರಿ" ಅಂದಳು. ಮಾವ ಸಿಟ್ಟಾಗಲಿಲ್ಲ. "ಅಡುಗಿಮನ್ಯಾಗ ನಿನ್ನ ಮೂಲಿ ನಿನಗದ ಅಲ್ಲೇನವ್ವ? ಅಲ್ಲಿ ನೀ ಏನಾರ ಮಾಡ್ಕೋ. ಯಾರು ಬ್ಯಾಡ ಅಂದಾರ?" ಅಂದರು. ಸಿಟ್ಟಾಗಿದ್ದರೆ ಆಕೆ ಮರೆಯುತ್ತಿದ್ದಳೇನೋ. ಅದೇ ವರ್ಷ ಅವರು ತೀರಿಕೊಂಡರು, ಮಾತು ಉಳಿಯಿತು.

ಮರುವರ್ಷ ಗುರುನಾಥ ಮೂರು ಹಳೆಯ ಕಂಪ್ಯೂಟರ್ ತಂದು ಖೋಲಿಗೆ ಹಾಕಿದ. ಎರಡರಲ್ಲಿ ಕ್ರಿಕೆಟ್ಟು, ಕಾರು. ಮೂರನೆಯದು ಗಟ್ಟಿ ಮಷೀನು, ಅದರಲ್ಲಿ ಮೊದಲೇ ಒಂದು ಆಟ ತುಂಬಿತ್ತು. ಅದರ ನಿಜವಾದ ಹೆಸರು ಯಾರಿಗೂ ಕೊನೆತನಕ ತಿಳಿಯಲಿಲ್ಲ. ತೆರೆದರೆ ಒಂದು ದೇಶಕ್ಕೆ ದೇಶವೇ ಇತ್ತು. ಗುಡ್ಡ, ಹೊಳೆ, ಊರು, ಸಂತೆ, ಮಂತ್ರವಾದಿಗಳು, ರೆಕ್ಕೆ ಇದ್ದ ಹಾವು. ಅದರಲ್ಲಿ ಒಬ್ಬ ಮನುಷ್ಯ. ಅವನು ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಆಗಬಹುದು. ಮೊದಲ ದಿನ ಕೂತವನು ಗ್ಯಾರೇಜಿನ ಗೌಸ. ಆಟ ಆ ಮನುಷ್ಯನಿಗೊಂದು ಹೆಸರು ಕೇಳಿತು. ಗೌಸ ಬಾಗಿಲಾಚೆ ನೋಡಿದ, ಕಿರಾಣಿ ಅಂಗಡಿಯ ಬೋರ್ಡು ಕಂಡಿತು, ಅದರ ಮೇಲಿದ್ದ ಹೆಸರನ್ನೇ ಕೀಲಿಗಳಲ್ಲಿ ಬಡಿದ. ಹಾಗೆ ಸತ್ತ ಮಾವ ಚೂಪುಗಿವಿಯ ವೀರನಾಗಿ ಮತ್ತೆ ಹುಟ್ಟಿದ.

ಈಗ ಆ ಮಂದಿ ಮಾಡಿದ ತಪ್ಪು ಹೇಳಬೇಕು. ಹಳೆಯ ಕ್ಯಾಸೆಟ್ ಆಟದಲ್ಲಿ ಹೊಸದಾಗಿ ಶುರು ಮಾಡಿದರೆ ಅಲ್ಲಿಯವರೆಗೆ ಆಡಿದ್ದೆಲ್ಲ ಅಳಿಸಿ ಹೋಗುತ್ತಿತ್ತು. ಅದನ್ನು ನೋಡಿ ನೋಡಿ ಎಷ್ಟೋ ಹುಡುಗರು ಆ ಖೋಲಿಯಲ್ಲಿ ಅತ್ತಿದ್ದರು. ಹೀಗಾಗಿ ಈ ಆಟದಲ್ಲೂ "ಹೊಸ ಆಟ" ಒತ್ತಿದರೆ ಬಕ್ಕಪ್ಪ ಅಳಿಸಿಹೋಗುತ್ತಾನೆಂದು ಎಲ್ಲರೂ ನಂಬಿದರು. ಒತ್ತಿದವನ ಬೆರಳು ಮುರಿಯುತ್ತೇನೆಂದು ಪಾರ್ವತಿಬಾಯಿಯೇ ಹೇಳಿಟ್ಟಿದ್ದಳು. ಪರಿಣಾಮ ಏನೆಂದರೆ, ಪಾಲಾಗದ ಹೊಲದ ಹಾಗೆ ಇಡೀ ಊರಿಗೆ ಒಬ್ಬನೇ ಬಕ್ಕಪ್ಪ. ಒಬ್ಬನ ಪಾಳಿ ಮುಗಿದರೆ ಅವನು ಬಿಟ್ಟಲ್ಲಿಂದ ಇನ್ನೊಬ್ಬ ಹಿಡಿಯಬೇಕು.

ಅಭಿಪ್ರಾಯಗಳೋ, ತಲೆಗೊಂದು. ಎಲ್ಲ ಪಾರ್ವತಿಬಾಯಿಯ ಮುಂದೆಯೇ; ಆಕೆ ಹುಡುಗರಿಗೆಲ್ಲ ಕಾಕು, ಚಿಕ್ಕಮ್ಮ. "ಇದೇನ್ ಆಟ ಕಾಕು? ನಡಿಯೋದೇ ನಡಿಯೋದು. ಇಷ್ಟು ನಡದಿದ್ರ ಖರೇನ ಹುಮನಾಬಾದ ಮುಟ್ಟತಿದ್ದೆ" ಎನ್ನುತ್ತಿದ್ದ ದತ್ತಾತ್ರಿ. ಅವನು ಡಿಪ್ಲೊಮಾ ಓದುವ ಹುಡುಗ, ತೆರೆಯ ಮೇಲಿನ ಇಂಗ್ಲಿಷನ್ನು ಎಲ್ಲರಿಗೂ ಓದಿ ಹೇಳುವವನು. "ಎಲ್ಲಿ ಬೇಕಾದ್ರ ಹೋಗು ಅಂದ್ರ ಎಲ್ಲಿಗೆ ಹೋಗೋದು? ಗುರಿನೇ ಇಲ್ಲ ಇದಕ್ಕ."

"ನಡಿಯೋದು ಚಲೋನೇ ಅದ," ಎನ್ನುತ್ತಿದ್ದ ಗೌಸ. "ಕತ್ತಿ ನೋಡು. ಇವತ್ತು ಬೀಸಿದ್ರ ನಾಳಿಗೆ ತಾಕ್ತದ."

ಮುಡಬಿಯ ಪಂಡರಿ ಕುರಿ ಕಾಯುವ ಮನೆತನದವನು, ಹುಡುಗನೇನಲ್ಲ. ಸಂತೆಗೆ ಬಂದವನು ಬಸ್ಸು ತಡವಾದರೆ ಒಳಗೆ ಬಂದು ಕೂರುತ್ತಿದ್ದ. "ಇಷ್ಟು ಹುಲ್ಲು ಬೆಳಸಿ ಒಂದು ಕುರಿ ಬಿಟ್ಟಿಲ್ಲಲ್ರಿ ಬಾಯಾರ. ಇದನ್ನ ಮಾಡಿದವಗ ಬದುಕು ಗೊತ್ತಿಲ್ಲ" ಎಂದು ಪ್ರತಿ ಸಲ ಬೈಯುತ್ತಿದ್ದ. ಬೈದು, "ಆ ಗುಡ್ಡದ ಆಚಿಗೆ ಏನದ, ಒಂಚೂರು ಒಯ್ದು ತೋರಸ್ರಿ" ಎಂದು ಪ್ರತಿ ಸಲ ಕೇಳುತ್ತಿದ್ದ.

ಪಾರ್ವತಿಬಾಯಿ ಮೊದಮೊದಲು ದೂರ ನಿಂತು ನೋಡಿದಳು. "ಮಾವಾರು ಎಲ್ಲಿಗೆ ಹೋಗ್ಯಾರ?" ಎಂದು ಕೇಳಿದರೆ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಒಂದು ಬಿಕೋ ಎನ್ನುವ ಮಧ್ಯಾಹ್ನ ತಾನೇ ಕೂತಳು. ಬಕ್ಕಪ್ಪನನ್ನು ಹೊಳೆಯ ದಂಡೆಗುಂಟ ನಡೆಸಿಕೊಂಡು ಹೋದಳು. ಅಲ್ಲೊಂದು ನೀರಿನ ಗಿರಣಿ, ಅದನ್ನು ಒಬ್ಬಳೇ ನಡೆಸುವ ಒಬ್ಬ ವಿಧವೆ. ಚೀಲ ಹೊತ್ತು ಕೊಟ್ಟರೆ ಅವಳು ಬಕ್ಕಪ್ಪನಿಗೆ ರೊಟ್ಟಿ ಕೊಡುತ್ತಿದ್ದಳು, ಮಲಗಲು ಜಾಗ ಕೊಡುತ್ತಿದ್ದಳು. ಪಾರ್ವತಿಬಾಯಿ ಆಕೆಗೆ ಗಂಗುಬಾಯಿ ಎಂದು ಹೆಸರಿಟ್ಟಳು. ದಿನಾ ತನ್ನ ಪಾಳಿಯಲ್ಲಿ ಮಾವನಿಂದ ಗಂಗುಬಾಯಿಯ ಚೀಲ ಹೊರಿಸುತ್ತಿದ್ದಳು. ಇದರಲ್ಲಿ ಆಕೆಗೆ ಸುಖವಿತ್ತು, ಸುಳ್ಳು ಯಾಕೆ ಹೇಳಬೇಕು.

ಜಗಳ ಇಲ್ಲದ ದಿನವಿರಲಿಲ್ಲ. ದತ್ತಾತ್ರಿ ಕದ್ದು ತಂದ ಬೆಳ್ಳಿ ತಟ್ಟೆಗಳನ್ನು ಪಾರ್ವತಿಬಾಯಿ ಒಯ್ದು ಆ ಮನೆಯಲ್ಲೇ ಇಟ್ಟು ಬರುತ್ತಿದ್ದಳು. ಗೌಸ ಕಷ್ಟಪಟ್ಟು ಗಳಿಸಿದ ಕತ್ತಿಯನ್ನು ಇನ್ನೊಬ್ಬ ಮಾರಿ ಕುದುರೆ ಕೊಳ್ಳುತ್ತಿದ್ದ. ಆದರೂ ಒಂದು ಮಾತಿತ್ತು. ಬಕ್ಕಪ್ಪ ಏನು ಮಾಡಬೇಕೆಂದು ಪಂಚಾಯಿತಿ ಕೂತಾಗ ಹುಡುಗರು ತಿರುಗಿ, "ಕಾಕು, ನೀವೇನಂತೀರಿ?" ಎಂದು ಕೇಳುತ್ತಿದ್ದರು. ಆ ಮನೆಗೆ ಬಂದಾಗಿನಿಂದ ಆಕೆಯನ್ನು ಹಾಗೆ ಯಾರೂ ಕೇಳಿರಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ದತ್ತಾತ್ರಿಗೆ ಆಟದೊಳಗೆ ಒಂದು ದರೋಡೆಕೋರರ ಗುಂಪು ಸಿಕ್ಕಿತು. ಅವರಲ್ಲಿ ಸೇರಿದರೆ ಕಣ್ಣಿಗೆ ಕಾಣದಂತೆ ಓಡಾಡುವ ಅಂಗಿ ಕೊಡುತ್ತಾರೆ. ಸೇರಬೇಕಾದರೆ ಒಂದೇ ಷರತ್ತು, ಹೊಳೆದಂಡೆಯ ಗಿರಣಿಗೆ ಬೆಂಕಿ ಹಚ್ಚಬೇಕು.

"ಸುಡೂದಿಲ್ಲ," ಅಂದಳು ಪಾರ್ವತಿಬಾಯಿ.

"ಕಾಕು, ಅಕಿ ಖರೇ ಹೆಣ್ಣಮಗಳಲ್ಲರಿ. ಚಿತ್ರ."

"ಚಿತ್ರ ಆದ್ರ ನಿನಗ್ಯಾಕ ಅಷ್ಟು ಅವಸರ? ಅಕಿ ಅನ್ನ ಉಂಡಾನ. ಸುಡೂದಿಲ್ಲ."

ಕೈ ಎತ್ತಿಸಿದರು. ಪಂಡರಿಯನ್ನು ಬಿಟ್ಟು ಉಳಿದವರೆಲ್ಲ ದತ್ತಾತ್ರಿಯ ಕಡೆ, ಗೌಸ ಕೂಡ ತಲೆ ತಗ್ಗಿಸಿ ಅರ್ಧ ಕೈ ಎತ್ತಿದ. ಆದರೂ ಆಕೆ ಜಗ್ಗಲಿಲ್ಲ. ಹುಡುಗರು ಮುನಿಸಿಕೊಂಡು ಹುಮನಾಬಾದಿನ ಬಸ್ಸು ಹತ್ತಿದರು. ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಶಂಕರಲಿಂಗ ಎಂಬವನ ದೊಡ್ಡ ಕಂಪ್ಯೂಟರ್ ಅಂಗಡಿ ಇತ್ತು, ಸಾಲಿಗೆ ಸಾಲು ಮಷೀನು, ಒಂದೊಂದರ ನಡುವೆಯೂ ಮರದ ತಡಿಕೆ. ಈ ಆಟ ಅಲ್ಲೂ ಇತ್ತು.

ಇವರ ಜಗಳ ಕೇಳಿ ಶಂಕರಲಿಂಗನಿಗೆ ನಗು ತಡೆಯಲಾಗಲಿಲ್ಲ. ಕಲ್ಯಾಣಕ್ಕೆ ಬೇರೆ ಕೆಲಸದ ಮೇಲೆ ಬಂದವನು ಪಾರ್ವತಿಬಾಯಿಯ ಖೋಲಿಗೂ ಬಂದ. "ಅಕ್ಕಾರ, ಹೊಸ ಆಟ ಒತ್ತಿದ್ರ ಹಳೇದು ಅಳಸಂಗಿಲ್ಲರಿ. ಬ್ಯಾರೆ ಉಳೀತದ. ಯಾರಿಗೆ ಬೇಕು ಅವರದು ಒಬ್ಬೊಬ್ಬ ಬಕ್ಕಪ್ಪ. ನೀವು ಫುಕಟ್ ಬಡದಾಡಾಕತ್ತೀರಿ," ಅಂದ. ಅಂದವನು ಒತ್ತಿಯೂ ತೋರಿಸಿದ. ಹೌದು, ಹಳೆಯ ಬಕ್ಕಪ್ಪ ಎಲ್ಲಿಗೂ ಹೋಗಿರಲಿಲ್ಲ. ಒಂದೂವರೆ ವರ್ಷದ ಗುದ್ದಾಟಕ್ಕೆ ಅರ್ಥವೇ ಇರಲಿಲ್ಲ. ಗೌಸ ಹಣೆ ಹಣೆ ಬಡಿದುಕೊಂಡು ನಕ್ಕ.

ಗುರುನಾಥನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಮುಗೀತಲ್ಲ ತಂಟೆ? ಹುಡುಗರದು ಹುಡುಗರಿಗೆ. ನಿನ್ನದು ನಿನಗ ಬ್ಯಾರೆ ಇರ್ತದ, ಅದರಾಗ ನೀ ಏನಾರ ಮಾಡ್ಕೋ. ಯಾರು ಬ್ಯಾಡ ಅಂತಾರ?"

ಪಾರ್ವತಿಬಾಯಿ ಗಂಡನ ಮುಖವನ್ನೇ ನೋಡಿದಳು. 

"ಬ್ಯಾರೆ ಬ್ಯಾಡ ನನಗ," ಅಂದಳು. "ಮೂಲಿ ಕೊಡಬ್ಯಾಡ್ರಿ. ಮೂಲಿ ಭಾಳ ಕೊಟ್ಟೀರಿ ನೀವು, ನಿಮ್ಮಪ್ಪ ಸೈತ. ಪಡಸಾಲ್ಯಾಗ ಕೂತು ಮಾತಾಡೋದು ಬೇಕು ನನಗ. ಎಲ್ಲರೂ ನನ್ನ ಮಾತು ಕೇಳಿ ಇಲ್ಲ ಅನ್ನಲಿ, ಪರವಾಗಿಲ್ಲ. ಕೇಳಬೇಕು. ಈ ಅಂಗಡ್ಯಾಗ ಒಬ್ಬನೇ ಬಕ್ಕಪ್ಪ. ಬ್ಯಾರೆ ಬಕ್ಕಪ್ಪ ಬೇಕಾದವ್ರು ಹುಮನಾಬಾದಕ್ಕ ಹೋಗ್ರಿ."

 ಹೆಂಡತಿಯ ಬಾಯಲ್ಲಿ ಅಪ್ಪನ ಹೆಸರು ಎರಡು ಸಲ ಬಂದದ್ದನ್ನು ಗುರುನಾಥ ಕಿವಿಯಾರೆ ಕೇಳಿದ್ದ. ಅವನು ಗಿರಾಕಿ ಕರೆದರೆಂಬ ನೆವ ಮಾಡಿ ಹೊರಟುಹೋದ. ಗಿರಾಕಿ ಯಾರೂ ಇರಲಿಲ್ಲ.

ಖೋಲಿ ಕೆಲ ದಿನ ಭಣಗುಟ್ಟಿತು. ಗೌಸ ಬರುತ್ತಿದ್ದ, ಸಂತೆಯ ದಿನ ಪಂಡರಿ ಬರುತ್ತಿದ್ದ. ಮನೆಯಲ್ಲಿ ಗಂಡ ಮಾತು ಬಿಟ್ಟಿದ್ದ. ನಾದಿನಿಯರು ಬಂದು, ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಬುದ್ಧಿ ಹೇಳಿ ಹೋದರು. ಪಾರ್ವತಿಬಾಯಿ ಅವರಿಗೆ ಚಹಾ ಕೊಟ್ಟು ಮತ್ತೆ ಖೋಲಿಗೆ ಹೋಗಿ ಕೂತಳು.

ಒಂದು ಸಂತೆಯ ದಿನ ದತ್ತಾತ್ರಿ ಬಂದು ಬಾಗಿಲಲ್ಲಿ ನಿಂತ.

"ಸುಟ್ಟೇನೋ ನಿನ್ನ ಗಿರಣಿ?" ಎಂದು ಕೇಳಿದಳು.

"ಮೊದಲನೇ ದಿನಾನೇ ಸುಟ್ಟೆ."

"ಅಂಗಿ ಕೊಟ್ಟರೇನು?"

"ಕೊಟ್ಟರು." ಅವನು ಉಗುರು ಕಚ್ಚಿದ. "ಯಾರೂ ಬೈಲಿಲ್ಲ ಕಾಕು. ಮಗ್ಗಲದವ ತಡಿಕಿ ಆಚಿಗೆ ತನ್ನದು ತಾ ಆಡಾಕತ್ತಿದ್ದ. ಹೊಳ್ಳಿ ಸುದ್ದಾ ನೋಡಲಿಲ್ಲ." ಒಂದು ಹೆಜ್ಜೆ ಒಳಗಿಟ್ಟು, "ಇಲ್ಲೇ ಆಡತೀನಿ. ಆದ್ರ ನನ್ನ ಪಾಳ್ಯಾಗ ನಾ ಸುಡತೀನಿ. ಮಂದಿ ಕೈ ಎತ್ಯಾರ," ಅಂದ.

ಪಾರ್ವತಿಬಾಯಿಗೆ ಆ ಗಿರಣಿಯ ಒಂದೊಂದು ಮೆಟ್ಟಿಲೂ ಗೊತ್ತಿತ್ತು. ಬೇಡವೆಂದರೆ ಅವನು ಮತ್ತೆ ಬಸ್ಸು ಹತ್ತುತ್ತಾನೆ, ಗಂಗುಬಾಯಿ ಉಳಿಯುತ್ತಾಳೆ, ಖೋಲಿ ಆಕೆಯೊಬ್ಬಳ ಮೂಲೆಯಾಗುತ್ತದೆ. ಹೂಂ ಎಂದರೆ ಗಿರಣಿ ಹೋಗುತ್ತದೆ. 

"ಪಾಳಿ ನಿಂದು," ಅಂದಳು. "ಎಲ್ಲರನ್ನೂ ಕರಿ. ಎಲ್ಲರ ಮುಂದ ಸುಡು. ಆಮ್ಯಾಲಿನ ಪಾಳಿ ನಂದು. ನನಗ್ಯಾರೂ ಅಡ್ಡ ಬರಬ್ಯಾಡ್ರಿ."

ಖೋಲಿ ತುಂಬಿತು. ದತ್ತಾತ್ರಿ ಕೂತ. ಬಕ್ಕಪ್ಪ ಪಂಜು ಹಿಡಿದು ಹೊಳೆದಂಡೆಗೆ ಬಂದ. ಒಂದು ಸಲ ದತ್ತಾತ್ರಿ ಹಿಂದೆ ಹೊರಳಿ ಪಾರ್ವತಿಬಾಯಿಯನ್ನು ನೋಡಿದ.  ಅವನು ಹಚ್ಚಿದ. ಚಪ್ಪರಕ್ಕೆ ಹತ್ತಿ, ಚಕ್ರಕ್ಕೆ ಹತ್ತಿ ಗಿರಣಿ ಧಗಧಗ ಉರಿಯಿತು. ಗಂಗುಬಾಯಿ ಹೊರಗೆ ಓಡಿ ಬಂದಳು. ಆಟ ಮಾಡಿದವರು ಅವಳಿಗೆ ಬೇರೆ ಮಾತು ಕಲಿಸಿರಲಿಲ್ಲವೋ ಏನೋ, ಬಕ್ಕಪ್ಪನನ್ನು ಕಂಡು ದಿನಾ ಹೇಳುವುದನ್ನೇ ಹೇಳಿದಳು. ದಣಿದಿದ್ದೀಯ, ಒಳಗೆ ಬಂದು ಮಲಗು ಎಂದು. ದತ್ತಾತ್ರಿ ಅದನ್ನು ಓದಿ ಹೇಳಲಿಲ್ಲ, ಆದರೆ ಅಷ್ಟು ದಿನ ಕೇಳಿ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು. "ಥೂ," ಅಂದ ಪಂಡರಿ.

ದತ್ತಾತ್ರಿ ಎದ್ದ. ಪಾರ್ವತಿಬಾಯಿ ಸೆರಗು ಸಿಗಿಸಿಕೊಂಡು ಕೂತಳು. ಬಕ್ಕಪ್ಪನನ್ನು ನೆಟ್ಟಗೆ ಪೇಟೆಗೆ ನಡೆಸಿ, ಕೋತ್ವಾಲನ ಮುಂದೆ ನಿಲ್ಲಿಸಿದಳು. ತೆರೆಯ ಮೇಲೆ ಅಕ್ಷರ ಮೂಡಿದವು.

"ಓದಪ್ಪ," ಅಂದಳು.

"ದಂಡ ಕಟ್ಟತೀಯೋ, ಓಡಿ ಹೋಗತೀಯೋ," ದತ್ತಾತ್ರಿಯ ದನಿ ಸಣ್ಣಗಾಯಿತು, "ಜೈಲಿಗೆ ಹೋಗತೀಯೋ, ಅಂತ."

"ಜೈಲು ಯಾವುದು? ಬೊಟ್ಟು ಮಾಡಿ ತೋರ್ಸು."

"ಬ್ಯಾಡ ಕಾಕು. ಜೈಲಿನ್ಯಾಗ ಕೂತಷ್ಟು ದಿನ ಕೈಯ ಬಲ ಇಳೀತದ. ಎಲ್ಲರೂ ಗಳಿಸಿದ್ದು ಹೋಗ್ತದ. ಸುಟ್ಟವ ನಾನು."

"ನೀ ಅಲ್ಲ. ಬಕ್ಕಪ್ಪ ಸುಟ್ಟಾನ. ಬಕ್ಕಪ್ಪ ಅಂದ್ರ ನಾನೂ ಹೌದು, ನೀನೂ ಹೌದು, ಅರ್ಧ ಕೈ ಎತ್ತಿದ ಗೌಸನೂ ಹೌದು. ತೋರ್ಸು."

ಅವನು ತೋರಿಸಿದ. ಆಕೆ ಒತ್ತಿದಳು. ಕತ್ತಿ ಕಸಿದುಕೊಂಡರು, ಕುದುರೆ ಕಸಿದುಕೊಂಡರು, ಕಬ್ಬಿಣದ ಬಾಗಿಲು ಹಾಕಿದರು. ತೆರೆಯ ತುಂಬ ಕಲ್ಲಿನ ಗೋಡೆ. ಬಕ್ಕಪ್ಪ ಅದಕ್ಕೆ ಮುಖ ಮಾಡಿ ನಿಂತ.

"ಈಗ ಯಾರ ಪಾಳಿ?" ಎಂದು ಕೇಳಿ ಪಾರ್ವತಿಬಾಯಿ ಎದ್ದಳು.

ಪಾಳಿ ಗೌಸನದಿತ್ತು. ಅವನು ಕುರ್ಚಿಯನ್ನು ದತ್ತಾತ್ರಿಯ ಕಡೆ ಸರಿಸಿದ. ದತ್ತಾತ್ರಿ ಒಂದು ಸಲ ಖೋಲಿಯ ಬಾಗಿಲ ಕಡೆ ನೋಡಿದ, ಅದು ತೆರೆದೇ ಇತ್ತು. ಆಮೇಲೆ ಕೂತ. ಉಳಿದವರು ಅವನ ಸುತ್ತ ನೆಲದ ಮೇಲೆ, ಚೀಲಗಳ ಮೇಲೆ ಸಿಕ್ಕಲ್ಲಿ ಕೂತುಕೊಂಡು, ಅವನ ಜೊತೆಗೆ ಆ ಗೋಡೆಯನ್ನೇ ನೋಡಿದರು.