ಮೋಹನನ ಹೆಸರು ಹಿಡಿಯದ ಗೋಡೆ

ಸಕಲೇಶಪುರ ಸೀಮೆಯ ಎಸ್ಟೇಟ್ ಗೇಟುಗಳ ಮೇಲೆ ಧರ್ಮನ ಅಕ್ಷರವಿಲ್ಲದ್ದು ಕಡಿಮೆ. ‘ನಾಯಿಗಳಿವೆ, ಎಚ್ಚರಿಕೆ’ ಎಂದು ಅವನು ಬರೆದ ಎಷ್ಟೋ ಮನೆಗಳಲ್ಲಿ ನಾಯಿ ಸತ್ತು ಮಣ್ಣಾಗಿದೆ, ಬರಹ ಇನ್ನೂ ಬೊಗಳುತ್ತಿದೆ. ಫ್ಲೆಕ್ಸ್ ಬಂದು ಅಂಗಡಿ ಬೋರ್ಡುಗಳನ್ನೆಲ್ಲ ನುಂಗಿದ ಮೇಲೂ ಗೋಡೆ ಬರಹ ಅವನ ಕೈಬಿಡಲಿಲ್ಲ. ಅಂಥವನು ಅವತ್ತು ದೋಣಿಗಲ್ ತಿರುವಿನ ಹೊಸ ಬಸ್ ತಂಗುದಾಣದ ಮುಂದೆ ಪೇಂಟಿನ ಡಬ್ಬಿ ತೆರೆಯದೆ ನಿಂತಿದ್ದ.

ಆ ತಿರುವಿನಲ್ಲೇ ಅವನ ಜೊತೆಗಾರ ಮೋಹನ್ ಲಾರಿಗೆ ಸಿಕ್ಕಿ ಸತ್ತಿದ್ದು. ಅಪಘಾತದ ದಿನ ಘಾಟಿ ಕೆಳಗಿನ ಕೆಲಸಕ್ಕೆ ಹೋಗಬೇಕಾಗಿದ್ದವನು ಧರ್ಮ. ಜ್ವರವೆಂದು ಮಲಗಿ ಮೋಹನನನ್ನು ಕಳಿಸಿದ್ದ. ಅಂದಿನಿಂದ ಯಾವ ಗೋಡೆಗೆ ಮುಖ ಮಾಡಿ ಬರೆಯುತ್ತಿದ್ದರೂ ಬೆನ್ನ ಹಿಂದೆ ಯಾರೋ ನಿಂತು ಅಕ್ಷರ ನೋಡುತ್ತಿರುವಂತೆ ಆಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ತಿರುಗದಿದ್ದರೆ ಇದ್ದೇ ಇದ್ದಾನೆ.

ಮೋಹನನ ನೆನಪಿಗೆಂದು ಊರವರು ಕಟ್ಟಿಸಿದ ಆ ತಂಗುದಾಣಕ್ಕೆ ಹೆಸರು ಬರೆಯಲು ಕರೆದವಳು ಅವನ ತಾಯಿ ಮಾದಮ್ಮ. ಬೆಳಗೋಡಿನಿಂದ ಬಸ್ಸಿನಲ್ಲಿ ಬಂದವಳು ಸೆರಗಿನೊಳಗಿಂದ ಒಂದು ಬ್ರಷ್ ತೆಗೆದಳು.

“ಇದ್ರಾಗೇ ಬರಿ ಕಣೋ ಧರ್ಮ. ಅವ್ನು ಕಡೇಲಿ ತಂದಿದ್ದು ಇದು. ಹೆಸರು ಗೋಡೆ ಮ್ಯಾಲೆ ನಿಂತ್ರೆ ನಿನ್ ಮ್ಯಾಲೆ ಅವ್ನಿಗೆ ಸಿಟ್ಟಿಲ್ಲ ಅಂತ ತಿಳ್ಕತೀನಿ.”

ಆ ಬ್ರಷ್ ಧರ್ಮನಿಗೆ ಗೊತ್ತಿತ್ತು. ಎಣ್ಣೆ ಪೇಂಟು ಬಿಟ್ಟು ನೀರಿನ ಪೇಂಟಿಗೆ ಬಂದ ಹೊಸದರಲ್ಲಿ ಇಬ್ಬರೂ ಹಾಸನದಲ್ಲಿ ಆರಿಸಿದ್ದು. ಹಳೆಯ ಅಳಿಲು ಕೂದಲಿನ ಬ್ರಷ್ ನೀರಿಗೆ ಬಿದ್ದರೆ ನೆನೆದ ಬೆಕ್ಕಿನ ಹಾಗೆ ಸೋತು ಜೋಲುತ್ತದೆ. ನೀರಿನ ಪೇಂಟಿಗೆ ನೈಲಾನೇ ಆಗಬೇಕು. ಮೋಹನ್ ಒಂದೊಂದನ್ನೂ ನೀರಲ್ಲಿ ಅದ್ದಿ, ಉಗುರಿನ ಮೇಲೆ ಒತ್ತಿ ಬಗ್ಗಿಸಿ, ಥಟ್ಟನೆ ನೆಟ್ಟಗಾದದ್ದನ್ನು ಮಾತ್ರ ಎತ್ತಿಕೊಂಡಿದ್ದ. “ಹೆಣ್ಣು ನೋಡಕ್ಕೂ ಇಷ್ಟು ಹೊತ್ತು ಬ್ಯಾಡ ಮಾರಾಯ” ಎಂದು ಅಂಗಡಿಯವನು ನಕ್ಕಿದ್ದ.

‘ಪ್ರಯಾಣಿಕರ ತಂಗುದಾಣ’ ಎಂಬುದನ್ನು ಧರ್ಮ ತನ್ನ ಬ್ರಷ್‌ನಲ್ಲಿ ಬರೆದ. ನುಣುಪಾದ ಗೋಡೆಗೆ ಪೇಂಟು ಕಚ್ಚಿಕೊಂಡು ಕೂತಿತು. ಕೆಳಗೆ ಮೋಹನನ ಬ್ರಷ್‌ನಲ್ಲಿ ‘ಮೋ’ ಎಳೆದ. ಪೇಂಟು ಕೆಸುವಿನ ಎಲೆ ಮೇಲಿನ ನೀರಿನಂತೆ ಒಡೆದು, ಅಕ್ಷರದ ನಡುವೆ ಬೋಳು ಕಣ್ಣುಗಳು ತೆರೆದವು. ಒರೆಸಿ ಮತ್ತೆ ಬರೆದ. ಮತ್ತೆ ಕಣ್ಣು ಬಿಟ್ಟವು.

“ಒಲ್ಲೆ ಅಂತಾವ್ನಾ?” ಕಲ್ಲುಬೆಂಚಿನ ಮೇಲಿಂದ ಮಾದಮ್ಮ ಕೇಳಿದಳು. ಬೆಂಚಿನಿಂದ ಅರ್ಧ ಎದ್ದಿದ್ದಳು.

“ಗೋಡೆ ಹಸಿ ಐತೆ ಕಣವ್ವ” ಎಂದ ಧರ್ಮ. ಗೋಡೆ ಹೆಂಚಿನ ಹಾಗೆ ಒಣಗಿತ್ತು.

ತಿರುವಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಧರ್ಮ ಆ ಕಡೆ ನೋಡಲಿಲ್ಲ. ಬ್ರಷ್ಷನ್ನು ನೀರಲ್ಲಿ ಅಲುಬಿ, ಅಭ್ಯಾಸಬಲದಿಂದ ಅದರ ತುದಿ ಕೂಡಿಸಲು ತುಟಿಗಿಟ್ಟ. ನಾಲಿಗೆಗೆ ಕೊಬ್ಬರಿ ಎಣ್ಣೆ ಹತ್ತಿತು.

“ಬ್ರಷ್ ಬಾಳ ಚೆನ್ನಾಗಿ ಇಟ್ಕಂಡಿದೀರಲ್ಲವ್ವ” ಎಂದ, ಗೋಡೆಯಿಂದ ಮುಖ ತಿರುಗಿಸದೆ.

“ಪ್ರತಿ ಶನಿವಾರ ಎಣ್ಣೆ ಸವರ್ತೀನಿ. ಅವ್ನು ಹಂಗೇ ಅಲ್ವಾ, ಸೀಮೆಣ್ಣೇಲಿ ತೊಳ್ದು ಎಣ್ಣೆ ಹಚ್ಚಿ ಮಲಗುಸ್ತಿದ್ದ. ತಲೆಗೆ ಎಣ್ಣೆ ಹಾಕ್ತೀನಿ ಬಾರ್ಲಾ ಅಂದ್ರೆ ಓಡ್ಬುಡೋನು. ಈಗ ಇದ್ಕಾದ್ರೂ ಹಾಕ್ತೀನಿ.”

ಅವಳು ನೋಡಿದ್ದು ಹಳೆಯ ಎಣ್ಣೆ ಪೇಂಟಿನ ಬ್ರಷ್ಷುಗಳ ಆರೈಕೆ. ನೀರಿನ ಪೇಂಟಿನ ಬ್ರಷ್ಷಿಗೆ ಎಣ್ಣೆ ಸೋಕಿದರೆ ಕೆಲಸ ಕೆಟ್ಟಂತೆ. ಅದನ್ನು ಸೋಪಿನಲ್ಲಿ ತೊಳೆದು, ಬೆರಳಲ್ಲಿ ತಿದ್ದಿ, ಮಲಗಿಸಿ ಒಣಗಿಸಬೇಕು. ಅದನ್ನು ಇವಳಿಗೆ ಹೇಳುವುದು ಹೇಗೆ? ಮಗನ ಹೆಸರನ್ನು ಗೋಡೆಯಿಂದ ನೂಕಿದ್ದು ತಾನೇ ಹಚ್ಚಿದ ಎಣ್ಣೆಯೆಂದು ತಿಳಿದರೆ ಆ ಜೀವ ತಡೆದೀತೇ?

ನೀರು ತರುವ ನೆಪದಲ್ಲಿ ರಸ್ತೆ ಕೆಳಗಿನ ಝರಿಗಿಳಿದು, ಚೀಲದಲ್ಲಿದ್ದ ಸೋಪಿನ ಚೂರು ಸವರಿ ಬ್ರಷ್ಷನ್ನು ಅಂಗೈಗೆ ಉಜ್ಜಿದ. ಎಣ್ಣೆ ಕೂದಲಿನ ಬುಡಕ್ಕಿಳಿದಿತ್ತು, ನೊರೆಯೇ ಬರಲೊಲ್ಲದು. ಉಜ್ಜಿ ಉಜ್ಜಿ ಕಡೆಗೊಮ್ಮೆ ಬಿಳಿ ನೊರೆ ಬಂತು. ಮೇಲೆ ಬಂದು ಗೋಡೆಯನ್ನೂ ಸೋಪುನೀರಲ್ಲಿ ಒರೆಸಿ, ಆರಿದ ಮೇಲೆ ಬರೆದ. ಹೆಸರು ನಿಂತಿತು.

“ಒಪ್ಕಂಡ ಕಣೋ!” ಮಾದಮ್ಮ ಧರ್ಮನ ಮುಖ ಸವರಿ ನಟಿಗೆ ಮುರಿದು ಅತ್ತಳು. ಎಷ್ಟೋ ದಿನದ ಮೇಲೆ ಹಗುರಾಗಿ ಬಸ್ ಹತ್ತಿದಳು. ಬ್ರಷ್ ಮತ್ತೆ ಸೆರಗಿನೊಳಗೆ ಹೋಯಿತು, ಶನಿವಾರದ ಎಣ್ಣೆಗೆ.

ಧರ್ಮ ಒಬ್ಬನೇ ಉಳಿದ. ಹೆಸರು ನಿಂತದ್ದು ಸೋಪಿನಿಂದ. ಮೋಹನ್ ಹೌದು ಅಂದಿರಲಿಲ್ಲ, ಅಲ್ಲ ಅಂದಿರಲಿಲ್ಲ. ಅದು ಧರ್ಮನೊಬ್ಬನಿಗೇ ಗೊತ್ತು. ಕಡೆಯ ಅಕ್ಷರದ ಅಂಚು ತಿದ್ದಲು ತನ್ನ ಬ್ರಷ್ ಹಿಡಿದು ಗೋಡೆಗೆ ಮುಖ ಮಾಡಿದ. ಬೆನ್ನ ಹಿಂದೆ ಯಾರೋ ಬಂದು ನಿಂತಂತಾಯಿತು. ಈ ಸಲ ತಿರುಗಲಿಲ್ಲ.

“ಸಿಟ್ಟು ಐತೋ ಇಲ್ವೋ, ನೀನೇ ಹೇಳ್ಬುಡು ಮಾರಾಯ” ಎಂದ, ಗೋಡೆ ನೋಡುತ್ತಲೇ.