ಹೆಲ್ಗಕ್ಕನ ಜಾಗ

ಬೆಳಿಗ್ಗೆಯಿಂದ ನನ್ನ ಬಾಲ್ಕನಿಯ ತುಂಬ ಒಣ ಸಿಗಡಿಯ ವಾಸನೆ. ತಂದು ಹರವಿದವನು ನಾನೇ ಆದ್ದರಿಂದ ಯಾರನ್ನೂ ದೂರುವ ಹಾಗಿಲ್ಲ. ನಿಮಗೆ ಈ ವಾಸನೆ ಆಗದಿದ್ದರೆ ಮೂಗು ಮುಚ್ಚಿಕೊಂಡೇ ಓದಿ, ನನಗೇನೂ ಬೇಸರವಿಲ್ಲ. ಓದುವವರಾದರೂ ಜೊತೆಗಿದ್ದೀರಲ್ಲ.

ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ನೌಕರಿಯ ಕಾಲವನ್ನೆಲ್ಲ ಕಳೆದವನು ನಾನು. ನಿವೃತ್ತಿಯಾದ ಮೇಲೆ ಅದನ್ನು ಬಿಟ್ಟುಕೊಟ್ಟು ಕಾರವಾರದಲ್ಲಿ ಈ ಫ್ಲ್ಯಾಟ್ ಕೊಂಡೆ. ಗೃಹಪ್ರವೇಶವಾದ ವರ್ಷವೇ ಹೆಂಡತಿ ತೀರಿಕೊಂಡಳು. ಸಮುದ್ರ ಕಾಣುತ್ತದೆ ಎಂದು ಬಿಲ್ಡರ್ ಹೇಳಿದ್ದ. ಬಾಲ್ಕನಿಯ ಮೂಲೆಗೆ ನಿಂತು ಕತ್ತು ಚಾಚಿದರೆ ಕಾಣುತ್ತದೆ, ಸುಳ್ಳಲ್ಲ. ಕಾಣದಿರುವುದು ಮನುಷ್ಯರು. ಎದುರು ಮನೆಯ ಬಾಗಿಲು ಸದಾ ಮುಚ್ಚಿರುತ್ತದೆ, ನನ್ನದೂ ಅಷ್ಟೇ. ಬೆಲ್ ಕೆಟ್ಟಿದೆಯೇನೋ ಎಂದು ಒಮ್ಮೆ ನಾನೇ ಹೊರಗೆ ನಿಂತು ಒತ್ತಿ ನೋಡಿದ್ದೆ. ಚೆನ್ನಾಗಿಯೇ ಇತ್ತು.

ಹೆಲ್ಗಾ ನನಗೆ ಸಿಕ್ಕಿದ್ದು ನಾನಿನ್ನೂ ನೌಕರಿಯಲ್ಲಿದ್ದಾಗ, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ. ಜರ್ಮನಿಯ ನಿವೃತ್ತ ನರ್ಸ್. ಬೆಳಂಬಾರದಲ್ಲಿ ಮೀನು ಮಾರುವ ದೇವಕ್ಕನ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಆ ಹೆಂಗಸರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಇಬ್ಬರ ಹರಟೆಗೆ ಕೊನೆಯಿರಲಿಲ್ಲ. ಹೆಲ್ಗಾಳಿಗೆ ಒಂದೇ ಆಸೆ: ಅಲ್ಲೇ ಸಮುದ್ರದಂಡೆಯ ಹತ್ತಿರ ಒಂದಿಷ್ಟು ಜಾಗ ಕೊಂಡು, ಪುಟ್ಟ ಮನೆ ಕಟ್ಟಿ, ಕೊನೆಯ ತನಕ ಇರಬೇಕು. ತನ್ನ ಊರಿನಲ್ಲಿ ತನಗೆ ಯಾರೂ ಇಲ್ಲ ಎಂದಿದ್ದಳು. ಇಂಗ್ಲಿಷ್ ಬಲ್ಲವನೆಂಬ ಜಂಬದಲ್ಲಿ ನಾನೇ ಮುಂದಾಗಿ ಅವಳನ್ನು ವಕೀಲರ ಬಳಿ ಕರೆದೊಯ್ದೆ.

"ಟೂರಿಸ್ಟ್ ವೀಸಾದವ್ರು ಇಲ್ಲಿ ಜಾಗ ತಗೊಳ್ಳುಕಾಗುದಿಲ್ಲ. ಬಾಡಿಗೆಗೆ ಇರ್ಲಿ ಬೇಕಾರೆ," ಎಂದರು ವಕೀಲರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಅವಳ ಮುಖ ಸಣ್ಣದಾಗಿತ್ತು.

ಸಂಗತಿ ಕೇಳಿ ದೇವಕ್ಕ ನಕ್ಕುಬಿಟ್ಟಳು. "ಇಷ್ಟೇಯಾ? ಜಾಗ ಬೇಕಾರೆ ನನ್ನ ಕೇಳುದಲ್ವಾ?" ಎಂದವಳೇ ಹೆಲ್ಗಾಳ ಕೈ ಹಿಡಿದು ದಂಡೆಗೆ ಎಳೆದೊಯ್ದಳು. ಅಲ್ಲಿ ಮೀನು ಒಣಗಿಸಲು ಮನೆಗೊಂದು ಜಾಗ. ಗಡಿಕಲ್ಲಿಲ್ಲ, ಬೇಲಿಯಿಲ್ಲ, ಆದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಮೀನು ಹರವುವುದಿಲ್ಲ. ದೇವಕ್ಕ ತನ್ನ ಪಾಲಿನಲ್ಲಿ ಚಾಪೆಯಷ್ಟು ಅಗಲ ಬಿಟ್ಟು, ಹಳೆಯ ಬಲೆಯ ತುಂಡೊಂದನ್ನು ಹಾಸಿ, "ಇದು ನಿಂದು" ಎಂದಳು. ಅಂದಿನಿಂದ ಹೆಲ್ಗಾ ಊರಿಗೆಲ್ಲ ಹೆಲ್ಗಕ್ಕನಾದಳು. ಉಪ್ಪು ಹಚ್ಚಿದ ಬಂಗಡೆ ಹರವಿ, ಕೊಡೆ ಹಿಡಿದು ಕಾಗೆ ಕಾಯುತ್ತಿದ್ದಳು. ಅರ್ಧ ಕಾಗೆಗೆ ಹೋಗುತ್ತಿತ್ತು, ಉಳಿದದ್ದರಲ್ಲಿ ನನಗೂ ಪಾಲು ಬರುತ್ತಿತ್ತು. ರುಚಿ ಹೇಗಿತ್ತೆಂದು ಕೇಳಬೇಡಿ.

ಒಮ್ಮೆ ವೀಸಾ ಮುಗಿದು ಊರಿಗೆ ಹೋದವಳು ಮರಳಲಿಲ್ಲ. ಸುದ್ದಿಯೂ ಬರಲಿಲ್ಲ.

ಮೊನ್ನೆ, ಮನೆಯ ಮೌನ ತಡೆಯಲಾರದೆ, ಬಸ್ಸು ಹತ್ತಿ ಬೆಳಂಬಾರಕ್ಕೆ ಹೋದೆ. ದಂಡೆಯ ತುಂಬ ಸಿಗಡಿ ಒಣಗುತ್ತಿತ್ತು. ನಡುವೆ ಬಲೆ ಹಾಸಿದ ಒಂದು ತುಂಡು ಮಾತ್ರ ಖಾಲಿಯಿತ್ತು. ದಣಿದಿದ್ದೆ, ಅದರ ಮೇಲೆ ಕುಳಿತೆ.

"ಏಳು ತಮಾ, ಏಳು! ಅದು ಹೆಲ್ಗಕ್ಕನ ಜಾಗ!" ದೇವಕ್ಕ ದೂರದಿಂದಲೇ ಕೂಗಿದಳು.

"ಅವಳು ಇನ್ನು ಬರ್ತಾಳಾ ದೇವಕ್ಕ?"

"ಬರುದು ಬಿಡುದು ಅದಕ್ಕೆ ಬಿಟ್ಟದ್ದು. ಬಂದ್ರೆ ಎಲ್ಲಿ ಹಾಕ್ತದೆ ಮೀನು, ಪಾಪ?"

ನಾನು ಎದ್ದೆ. ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ? ಕಾನೂನು ಕೊಡದ ಜಾಗ ಆ ಮುದುಕಿಗಾಗಿ ಇಲ್ಲಿ ಕಾದು ಕುಳಿತಿದೆ. ಸ್ವಂತ ಮನೆಯಿರುವ ನಾನು ನಾಲ್ಕು ದಿನ ಕಾಣದಿದ್ದರೆ ಎಲ್ಲಿ ಹೋದನೆಂದು ಕೇಳುವವರಿಲ್ಲ.

ಹೊರಡುವಾಗ ದೇವಕ್ಕ ಅರೆ ಒಣಗಿದ ಸಿಗಡಿ ಕಟ್ಟಿಕೊಟ್ಟಳು. "ಇನ್ನೊಂದು ಬಿಸಿಲು ಬೇಕು ತಮಾ. ಅಕ್ಕಪಕ್ಕದವ್ರಿಗೆ ಕಾಗೆ ನೋಡುಕೆ ಹೇಳು." ಹಾಗೆ ಹೇಳುವಷ್ಟು ಗುರುತಿನವರು ನನಗಿಲ್ಲ ಎನ್ನಲು ನಾಚಿಕೆಯಾಗಿ ತಲೆಯಾಡಿಸಿದೆ.

ಇಷ್ಟು ಬರೆಯುವಷ್ಟರಲ್ಲಿ ಬೆಲ್ ಸದ್ದಾಯಿತು. ಬಾಗಿಲು ತೆಗೆದರೆ ಎದುರು ಮನೆಯ ಹೆಂಗಸು, ಮೂಗಿಗೆ ಸೆರಗು ಹಿಡಿದು ನಿಂತಿದ್ದರು.

"ಎಂತಾ ವಾಸ್ನೆ ಇದು? ಇಡೀ ಬಿಲ್ಡಿಂಗ್ ನಾರ್ತದೆ!"

ತಪ್ಪಾಯಿತು ಅನ್ನಬೇಕಿತ್ತು. ಆದರೆ ನನಗೆ ಕಣ್ಣು ತುಂಬಿ ಬಂತು. ಬಾಗಿಲನ್ನು ಪೂರ್ತಿ ತೆರೆದೆ.

"ಬನ್ನಿ, ಒಳಗೆ ಬನ್ನಿ," ಎಂದೆ. "ನಾನು ಚಾ ಇಡ್ತೆ. ಅಲ್ಲೀವರೆಗೆ ಸ್ವಲ್ಪ ಕಾಗೆ ನೋಡ್ತೀರಾ?"